ಮೂಕ ರೋಗಿಗಳ ಹೊಸ ವೈದ್ಯೆ

ರೋಗಿಯು ವೈದ್ಯರ ಎದುರು ಕುಳಿತು ತನ್ನ ನೋವನ್ನು ತಾನೇ ಹೇಳಿಕೊಳ್ಳುವುದು ಮನುಷ್ಯರ ಆಸ್ಪತ್ರೆಯ ಪದ್ಧತಿ. ಎಲ್ಲಿ ನೋವು, ಎಂದಿನಿಂದ ನೋವು, ಊಟಕ್ಕೆ ಮುಂಚೆಯೋ ಊಟವಾದ ಮೇಲೋ ಎಂದು ವೈದ್ಯರು ಕೇಳಿದರೆ ಉತ್ತರ ಬರುತ್ತದೆ. ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಆದರೆ ಹಸುವಿಗೆ ಹೊಟ್ಟೆನೋವು ಬಂದರೆ ಅದು ಯಾರ ಬಳಿ ಹೇಳಿಕೊಳ್ಳಬೇಕು? ಅದು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಹಿಂಗಾಲಿನಿಂದ ಹೊಟ್ಟೆಯನ್ನು ಒದೆದುಕೊಳ್ಳುತ್ತದೆ, ಕಿವಿ ಜೋಲುಬಿಟ್ಟು ಕೊಟ್ಟಿಗೆಯ ಮೂಲೆ ಸೇರುತ್ತದೆ. ಅದರ ಭಾಷೆ ಅಷ್ಟೆ. ಆ ಭಾಷೆಯನ್ನು ಓದಲು ಕಲಿತವರೇ ಪಶುವೈದ್ಯರು.

ನಗರದ ಮನೆಗಳಲ್ಲಿ ಪಶುವೈದ್ಯರೆಂದರೆ ನಾಯಿಗೆ ಚುಚ್ಚುಮದ್ದು ಹಾಕುವವರು ಎಂಬಷ್ಟೇ ಪರಿಚಯ. ಬೆಳಗಿನ ಕಾಫಿಗೆ ಬೀಳುವ ಹಾಲಿನ ಹಿಂದೆ, ಹಬ್ಬದ ತುಪ್ಪದ ಹಿಂದೆ, ಮಕ್ಕಳು ತಿನ್ನುವ ಮೊಟ್ಟೆಯ ಹಿಂದೆ ಇಂಥ ಒಬ್ಬರ ದುಡಿಮೆ ಇದೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನಗಳೂ, ಸುಮಾರು 30 ಲಕ್ಷ ಎಮ್ಮೆಗಳೂ, ಒಂದು ಕೋಟಿಗೂ ಮೀರಿ ಕುರಿಗಳೂ, ಸುಮಾರು 60 ಲಕ್ಷ ಆಡುಗಳೂ ಇದ್ದವು. ಐದು ಸಾವಿರ ದನಗಳಿಗೆ ಒಬ್ಬ ವೈದ್ಯನಾದರೂ ಇರಬೇಕೆಂದು 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗವು ಶಿಫಾರಸು ಮಾಡಿತ್ತು. ಆ ಮಾತನ್ನು ಹಳ್ಳಿಯ ಪಶುಆಸ್ಪತ್ರೆಯ ಹೊಸ ವೈದ್ಯರು ಕೇಳಿದರೆ ನಕ್ಕು ಸುಮ್ಮನಾದಾರು.

ಇಂಥ ಹೊಸ ವೈದ್ಯೆಯೊಬ್ಬಳ ಕೆಲವು ದಿನಗಳನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹೆಸರು ಬೇಡ. ತುಮಕೂರು, ಚಿತ್ರದುರ್ಗಗಳ ಕಡೆಯ ಬಯಲುಸೀಮೆಯ ಯಾವುದಾದರೊಂದು ಹೋಬಳಿಯ ಆಸ್ಪತ್ರೆ, ಒಂದು ಬೇವಿನ ಮರ, ದನವನ್ನು ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಕಂಬಗಳ ಚೌಕಟ್ಟು, ಔಷಧಿಯ ಬೀರು, ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ಇರುವ ಒಬ್ಬ ಸಹಾಯಕ. ಇಂಥ ಆಸ್ಪತ್ರೆಗಳು ನಾಡಿನಲ್ಲಿ ನೂರಾರು ಇವೆ; ಇಂಥ ವೈದ್ಯೆಯರೂ ಇದ್ದಾರೆ.

ಆಕೆಯ ಓದು ಸಾಮಾನ್ಯವಾದುದಲ್ಲ. ಒಂದು ವರ್ಷದ ಕಡ್ಡಾಯ ತರಬೇತಿಯೂ ಸೇರಿ ಐದೂವರೆ ವರ್ಷದ ವ್ಯಾಸಂಗ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ತೆರೆಯಿತು. ಈಗ ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿಯೂ ಕಾಲೇಜುಗಳಿವೆ. ಮನುಷ್ಯರ ವೈದ್ಯರು ಒಂದೇ ಜೀವಿಯ ದೇಹವನ್ನು ಅರಿತರೆ ಸಾಕು. ಇವರಿಗೋ ಹಸು, ಎಮ್ಮೆ, ಕುದುರೆ, ಕುರಿ, ಆಡು, ಹಂದಿ, ನಾಯಿ, ಬೆಕ್ಕು, ಕೋಳಿ ಎಲ್ಲವೂ ಬೇಕು. ನಾಲ್ಕು ಕೋಣೆಗಳ ಹೊಟ್ಟೆಯುಳ್ಳ ಹಸುವಿನ ರೋಗ ಬೇರೆ. ವಾಂತಿಯನ್ನೇ ಮಾಡಲಾರದ ಕುದುರೆಯ ರೋಗ ಬೇರೆ. ಹಸುವಿನ ಮೈಬಿಸಿ 101 ಡಿಗ್ರಿ ಇದ್ದರೆ ಆರೋಗ್ಯ. ಕೋಳಿಗೆ 106 ಡಿಗ್ರಿಯೂ ಆರೋಗ್ಯವೇ. ಮನುಷ್ಯನಿಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪಾಲಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಬಂದವಳನ್ನು ಹಳ್ಳಿಯವರು ಮೊದಲ ದಿನ ಕೇಳಿದ ಪ್ರಶ್ನೆ ಒಂದೇ: “ಡಾಕ್ಟ್ರು ಎಲ್ಲಮ್ಮ?”

“ನಾನೇ ಡಾಕ್ಟರು” ಎಂದರೆ ಅವರು ಆಕೆಯ ಕೈಗಳನ್ನು ನೋಡುತ್ತಾರೆ. ಎತ್ತಿನ ಮೂಗುದಾರ ಹಿಡಿಯುವ ಕೈಗಳೇ ಇವು ಎಂಬ ಸಂಶಯ. ಆ ಸಂಶಯ ಹೊಸದೇನಲ್ಲ. ಏಲೀನ್ ಕಸ್ಟ್ ಎಂಬಾಕೆ ಎಡಿನ್‌ಬರೋದಲ್ಲಿ ಪಶುವೈದ್ಯ ವ್ಯಾಸಂಗವನ್ನು 1900ರಲ್ಲಿಯೇ ಮುಗಿಸಿದರೂ, ಹೆಂಗಸೆಂಬ ಕಾರಣದಿಂದ ಬ್ರಿಟನ್ನಿನ ವೃತ್ತಿಮಂಡಲಿಯು ಆಕೆಗೆ ಸದಸ್ಯತ್ವ ಕೊಡಲಿಲ್ಲ. ಆಕೆ ಐರ್ಲೆಂಡಿನ ಹಳ್ಳಿಗಾಡಿನಲ್ಲಿ ದನ ಕುದುರೆಗಳಿಗೆ ಚಿಕಿತ್ಸೆ ಮಾಡುತ್ತಲೇ ಕಾದಳು. ಸದಸ್ಯತ್ವ ದೊರೆತದ್ದು 1922ರಲ್ಲಿ. ಕಾನೂನು ಒಪ್ಪಲು ಇಪ್ಪತ್ತೆರಡು ವರ್ಷ ಹಿಡಿಯಿತು. ಹಸುಗಳು ಮಾತ್ರ ಮೊದಲ ದಿನದಿಂದಲೇ ಒಪ್ಪಿಕೊಂಡಿದ್ದವು.

ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮುನ್ನವೇ ಬೇವಿನ ಮರದ ಕೆಳಗೆ ಸಭೆ ನೆರೆದಿರುತ್ತದೆ. ಕೆಚ್ಚಲು ಬಾವು ಬಂದ ಹಸು. ಬೆದೆಗೆ ಬಂದ ಕಡಸು. ಕಾಲು ಮುರಿದ ಮೇಕೆಮರಿ. ಕೊರಳಿಗೆ ಹುಳು ಬಿದ್ದ ನಾಯಿ. ಬುಟ್ಟಿಯೊಳಗೆ ತಲೆ ವಾಲಿಸಿಕೊಂಡ ನಾಲ್ಕು ನಾಟಿಕೋಳಿ. ಬೆದೆಯ ಹಸುವಿಗೆ ಕೃತಕ ಗರ್ಭಧಾರಣೆ ಮೊದಲು ಆಗಬೇಕು. ಅದಕ್ಕೆ ಹೊತ್ತು ಮೀರಿದರೆ ಮತ್ತೆ ಮೂರು ವಾರ ಕಾಯಬೇಕು. ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ಸಾರಜನಕದ ಪಾತ್ರೆಯಿಂದ ಹುಲ್ಲುಕಡ್ಡಿಯಂಥ ನಳಿಕೆಯನ್ನು ತೆಗೆದು, ಬೆಚ್ಚನೆಯ ನೀರಿನಲ್ಲಿ ಅದ್ದಿ, ಕೆಲವೇ ನಿಮಿಷಗಳಲ್ಲಿ ಆ ಕೆಲಸ ಮುಗಿಸಬೇಕು. ಕೆಚ್ಚಲು ಬಾವಿನ ಹಸುವಿಗೆ ಔಷಧಿ ಕೊಟ್ಟು, “ಇಷ್ಟು ದಿನ ಈ ಹಾಲನ್ನು ಡೇರಿಗೆ ಹಾಕಬೇಡಿ” ಎಂದರೆ ಒಡತಿಯ ಮುಖ ಬಾಡುತ್ತದೆ. ಹಾಲು ಹಾಕದ ದಿನ ಆ ಮನೆಯಲ್ಲಿ ಸಂಪಾದನೆಯಿಲ್ಲದ ದಿನ. ಔಷಧಿಯ ಅಂಶ ಹಾಲಿನಲ್ಲಿ ಸೇರಿ ಊರಿನ ಯಾವುದೋ ಮಗುವಿನ ಲೋಟಕ್ಕೆ ಹೋಗುತ್ತದೆಂಬುದನ್ನು ಆಕೆಗೆ ತಿಳಿಹೇಳುವುದು ಚುಚ್ಚುಮದ್ದು ಹಾಕುವುದಕ್ಕಿಂತ ಕಷ್ಟದ ಕೆಲಸ.

ಹೊಸ ವೈದ್ಯೆಗೆ ಹೆಸರು ತಂದುಕೊಟ್ಟದ್ದು ಹಾಲುಜ್ವರ. ಹಿಂದಿನ ದಿನ ಕರು ಹಾಕಿದ್ದ ಒಳ್ಳೆಯ ಹಾಲಿನ ಹಸುವೊಂದು ಬೆಳಗ್ಗೆ ನೆಲ ಹಿಡಿದಿತ್ತು. ಕುತ್ತಿಗೆ ಒಂದು ಪಕ್ಕಕ್ಕೆ ತಿರುಗಿತ್ತು; ಕಿವಿ ತಣ್ಣಗಾಗಿತ್ತು; ಕಣ್ಣು ಮಂಕಾಗಿತ್ತು. ದೃಷ್ಟಿಯೆಂದು ಒಬ್ಬರು, ಗಾಳಿಯೆಂದು ಒಬ್ಬರು. ಮನೆಯ ಹೆಂಗಸರು ಅಳುವುದಕ್ಕೆ ಆರಂಭಿಸಿದ್ದರು. ಹೆಸರು ಜ್ವರವಾದರೂ ಈ ರೋಗದಲ್ಲಿ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ. ಕರು ಹಾಕಿದ ಕೂಡಲೇ ಹಾಲಿನೊಡನೆ ಸುಣ್ಣದಂಶವು ರಕ್ತದಿಂದ ಒಮ್ಮೆಲೇ ಹರಿದುಹೋಗುತ್ತದೆ. ಮೂಳೆಯಿಂದ ಅದನ್ನು ತುಂಬಿಕೊಡುವಷ್ಟರಲ್ಲಿ ಹಸು ಕುಸಿಯುತ್ತದೆ. ಇದರ ಮರ್ಮ ತಿಳಿಯುವುದಕ್ಕೆ ಮುಂಚೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಯುರೋಪಿನ ವೈದ್ಯರು ಕೆಚ್ಚಲಿಗೆ ಗಾಳಿ ತುಂಬಿ ಹಸುಗಳನ್ನು ಉಳಿಸುತ್ತಿದ್ದರು! ಈಗ ಕ್ಯಾಲ್ಸಿಯಂ ದ್ರಾವಣವನ್ನು ಕುತ್ತಿಗೆಯ ರಕ್ತನಾಳಕ್ಕೆ ಇಳಿಸುತ್ತಾರೆ. ಬೇಗ ಇಳಿಸಿದರೆ ಗುಂಡಿಗೆಯೇ ನಿಂತೀತು. ಆದುದರಿಂದ ಒಂದು ಕೈ ಬಾಟಲಿಯ ಮೇಲೆ, ಕಿವಿ ಹಸುವಿನ ಎದೆಬಡಿತದ ಮೇಲೆ.

ಬಾಟಲಿ ಮುಗಿಯುವ ಹೊತ್ತಿಗೆ ಹಸುವಿನ ಮೈ ನಡುಗಿತು, ತೇಗು ಬಂತು, ಸೆಗಣಿ ಹಾಕಿತು. ಇನ್ನೂ ಸ್ವಲ್ಪ ಹೊತ್ತಿಗೆ ಮುಂಗಾಲೂರಿ ಎದ್ದು ನಿಂತು ಕರುವನ್ನು ಅರಸಿತು. ನೆರೆದವರು ಬೆರಗಾದರು. “ಹುಡುಗಿಯಾದ್ರೂ ಕೈಗುಣ ಐತೆ” ಎಂದು ಒಬ್ಬ ಮುದುಕ ತೀರ್ಪಿತ್ತ. ಕೈಗುಣವಲ್ಲ, ಕ್ಯಾಲ್ಸಿಯಂ ಎಂದು ಆಕೆ ಹೇಳಲು ಹೋಗಲಿಲ್ಲ. ಹೊಸಬರಿಗೆ ಇಂಥ ಗೆಲುವು ಒಂದು ಬೇಕು. ಆದರೆ ಹಳ್ಳಿಯ ಜನ ಒಂದು ಹಸು ಎದ್ದು ನಿಂತದ್ದನ್ನು ಒಂದು ತಿಂಗಳು ನೆನೆದರೆ, ಒಂದು ಹಸು ಸತ್ತದ್ದನ್ನು ಹತ್ತು ವರ್ಷ ನೆನೆಯುತ್ತಾರೆ. ಆ ಮಾತನ್ನು ಆಕೆಗೆ ಹೇಳಿದವನು ಆಸ್ಪತ್ರೆಯ ಹಳೆಯ ಸಹಾಯಕ.

ಅದು ನಿಜವೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಹೊಲದ ಅಂಚಿನಲ್ಲಿ ಒಂದು ಎತ್ತು ರಾತ್ರೋರಾತ್ರಿ ಸತ್ತುಬಿದ್ದಿತ್ತು. ಸಂಜೆಯವರೆಗೂ ಗಟ್ಟಿಮುಟ್ಟಾಗಿ ಮೇವು ತಿಂದ ಎತ್ತು. ಮೂಗಿನಿಂದಲೂ ಗುದದಿಂದಲೂ ಕಪ್ಪುರಕ್ತ ಸುರಿದು ಹೆಪ್ಪುಗಟ್ಟದೆ ನಿಂತಿತ್ತು. ಯಜಮಾನನು ವಿಮೆ ಮಾಡಿಸಿದ್ದ. ಹೊಟ್ಟೆ ಸೀಳಿ ಪರೀಕ್ಷೆ ಮಾಡಿ ಕಾಗದ ಬರೆದುಕೊಟ್ಟರೆ ಹಣ ಬಂದೀತೆಂದು ಆತನ ಆಸೆ. ಚರ್ಮ ಸುಲಿಯಲು ಬಂದವರು ಕತ್ತಿ ಮಸೆದು ಕುಳಿತಿದ್ದರು.

ವೈದ್ಯೆ ಯಾರೊಬ್ಬರೂ ಹೆಣವನ್ನು ಮುಟ್ಟಕೂಡದೆಂದಳು. ಅದು ನೆರಡಿ ರೋಗ, ಎಂದರೆ ಆಂಥ್ರಾಕ್ಸ್ ಇರಬಹುದೆಂಬ ಸಂಶಯ ಆಕೆಗೆ. ಈ ರೋಗದ ಕ್ರಿಮಿಗೆ ಒಂದು ದುಷ್ಟಸ್ವಭಾವವಿದೆ. ಹೆಣ ಮುಚ್ಚಿದಂತೆಯೇ ಇದ್ದರೆ ಅದು ಒಳಗೇ ಕೊಳೆತು ನಾಶವಾಗುತ್ತದೆ. ಹೆಣವನ್ನು ಸೀಳಿ ಗಾಳಿ ತಗುಲಿಸಿದರೆ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ಆ ಮಣ್ಣಿನಲ್ಲಿ ಹತ್ತಾರು ವರ್ಷ ಕಾದು ಕುಳಿತಿರುತ್ತದೆ; ಅಲ್ಲಿ ಮೇಯುವ ದನಗಳನ್ನೂ, ಹೆಣ ಮುಟ್ಟಿದ ಮನುಷ್ಯರನ್ನೂ ಹಿಡಿಯುತ್ತದೆ. ಆಕೆ ಕೈಗವಸು ತೊಟ್ಟು ಕಿವಿಯ ನಾಳದಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಜಿಲ್ಲೆಯ ಪ್ರಯೋಗಾಲಯಕ್ಕೆ ಕಳುಹಿಸಿದಳು. ಆರಡಿ ಆಳದ ಗುಂಡಿ ತೋಡಿಸಿ, ಸುಣ್ಣ ಹಾಕಿಸಿ, ಎತ್ತನ್ನು ಹಾಗೆಯೇ ಹೂಳಿಸಿದಳು.

“ನಿನ್ನೆ ಮೊನ್ನೆ ಬಂದೋಳು, ನಮ್ಮ ಹೊಟ್ಟೆ ಮೇಲೆ ಕಲ್ಲು ಹಾಕಿದ್ಲು” ಎಂದು ಯಜಮಾನನು ಎಲ್ಲರೆದುರೂ ಆಡಿದ. ಆಕೆ ಎದುರಾಡಲಿಲ್ಲ; ಗುಂಡಿ ಮುಚ್ಚುವ ತನಕ ಬಿಸಿಲಿನಲ್ಲಿ ಅಲ್ಲಿಯೇ ನಿಂತಿದ್ದಳು. ಪ್ರಯೋಗಾಲಯದ ವರದಿ ಬಂದಾಗ ಸಂಶಯ ನಿಜವಾಗಿತ್ತು. ಆ ವರದಿಯನ್ನೇ ಆಧಾರವಾಗಿಟ್ಟು ವಿಮೆಯ ಕಾಗದವನ್ನೂ ಬರೆದುಕೊಟ್ಟಳು. ಸುತ್ತಲಿನ ದನಗಳಿಗೆಲ್ಲ ಲಸಿಕೆಯನ್ನೂ ಹಾಕಿದಳು. ಯಜಮಾನನು ಕ್ಷಮೆ ಕೇಳಲಿಲ್ಲ. ಲಸಿಕೆಯ ದಿನ ತನ್ನ ಉಳಿದ ಎತ್ತನ್ನು ಎಲ್ಲರಿಗಿಂತ ಮೊದಲು ಹಿಡಿದುಕೊಂಡು ಬಂದ, ಅಷ್ಟೇ.

ಪಶುವೈದ್ಯರ ವೃತ್ತಿಯಲ್ಲಿ ತಮ್ಮ ಜೀವದ ಪ್ರಶ್ನೆಯೂ ಅಡಗಿದೆ. ಕಂದು ರೋಗ ಬಂದ ಹಸುವಿನ ಮಾಸವನ್ನು ಬರಿಗೈಯಿಂದ ತೆಗೆದವರಿಗೆ ಆ ರೋಗವೇ ಅಂಟಿ ತಿಂಗಳುಗಟ್ಟಲೆ ಜ್ವರ, ಕೀಲುನೋವುಗಳಿಂದ ನರಳುವುದುಂಟು. ಇದಕ್ಕಿಂತ ಭಯಂಕರವಾದದ್ದು ರೇಬೀಸ್. ಒಂದು ದಿನ ರೈತನೊಬ್ಬ ಹಸು ಹಿಡಿದು ತಂದ. ಅದು ಜೊಲ್ಲು ಸುರಿಸುತ್ತಿತ್ತು. ಒಡಕು ದನಿಯಲ್ಲಿ ಮತ್ತೆ ಮತ್ತೆ ಅರಚುತ್ತಿತ್ತು. ನೀರು ನುಂಗಲಾರದೆ ಹೋಗಿತ್ತು. “ಗಂಟಲಿಗೆ ಏನೋ ಸಿಕ್ಕೊಂಡೈತೆ, ಕೈ ಹಾಕಿ ತೆಗೀರವ್ವ” ಎಂದ. ನಾನಾದರೂ ನೋಡಿದೆ, ಏನೂ ಸಿಗಲಿಲ್ಲ ಎಂದೂ ಹೇಳಿದ.

ಹೊಸ ಉತ್ಸಾಹದಲ್ಲಿ ಕೈ ಹಾಕಿಬಿಡುವುದು ಸುಲಭ. ಆದರೆ ಗುರುಗಳು ತರಗತಿಯಲ್ಲಿ ಹೇಳಿದ ಎಚ್ಚರಿಕೆ ಆಕೆಯ ನೆನಪಿನಲ್ಲಿತ್ತು: ಗಂಟಲು ಕಟ್ಟಿದಂತೆ ಕಾಣುವ ಹಸುವಿನ ಬಾಯಿಗೆ ಕೈ ಹಾಕುವ ಮೊದಲು ರೇಬೀಸನ್ನು ನೆನೆಯಬೇಕು. “ಈಚೆಗೆ ನಾಯಿ ಏನಾದರೂ ಕಚ್ಚಿತ್ತೇ?” ಎಂದು ಕೇಳಿದಳು. ಇಲ್ಲವೆಂದ ರೈತ. ಜೊತೆಯಲ್ಲಿದ್ದ ಅವನ ಪುಟ್ಟ ಮಗಳು, “ಕಚ್ಚಿತ್ತಲ್ಲಪ್ಪ, ಜಾತ್ರೆ ದಿನ, ಕರಿ ನಾಯಿ” ಎಂದಿತು. ಆ ಹಸು ಬದುಕಲಿಲ್ಲ; ಲಕ್ಷಣ ಕಂಡ ಮೇಲೆ ಬದುಕುವ ಪ್ರಾಣಿಯಿಲ್ಲ. ಆದರೆ ಅದರ ಬಾಯಿಗೆ ಕೈಹಾಕಿದ್ದ ರೈತ, ಹಾಲು ಕರೆದು ಮೈದಡವಿದ್ದ ಅವನ ಹೆಂಡತಿ, ಮಗು, ಮೂವರನ್ನೂ ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ ಲಸಿಕೆ ಹಾಕಿಸಲಾಯಿತು. 1885ರಲ್ಲಿ ಪಾಶ್ಚರ್ ಮಹಾಶಯನು ಆ ಲಸಿಕೆಯನ್ನು ಮೊಟ್ಟಮೊದಲು ಬಾಲಕನೊಬ್ಬನಿಗೆ ಹಾಕಿದ ದಿನದಿಂದ ಇಂಥ ಎಷ್ಟು ಮನೆಗಳು ಉಳಿದಿವೆಯೋ! ಪಶುವೈದ್ಯೆ ಅಂದು ಉಳಿಸಿದ್ದು ಪಶುವನ್ನಲ್ಲ, ಒಂದು ಸಂಸಾರವನ್ನು.

ಮಧ್ಯಾಹ್ನದ ಮೇಲೆ ಹಳ್ಳಿಗಳ ಸುತ್ತಾಟ. ಸ್ಕೂಟರಿನ ಹಿಂದೆ ಔಷಧಿಯ ಪೆಟ್ಟಿಗೆ. ಹಿಮದ ಪೆಟ್ಟಿಗೆಯಲ್ಲಿ ಲಸಿಕೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಮನೆಮನೆಗೂ ಹೋಗಿ ಲಸಿಕೆ ಹಾಕಬೇಕು. ಆ ರೋಗವನ್ನೂ ಕಂದು ರೋಗವನ್ನೂ ಹತೋಟಿಗೆ ತರುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಕುರಿಹಟ್ಟಿಗಳಲ್ಲಿ ಮಳೆಗಾಲಕ್ಕೆ ಮುಂಚೆಯೇ ಕರುಳುಬೇನೆಯ ಲಸಿಕೆಯಾಗಬೇಕು. ಇಲ್ಲವಾದರೆ ಹೊಸಹುಲ್ಲು ಮೇದ ಕೊಬ್ಬಿದ ಮರಿಗಳೇ ಬೆಳಗಾಗುವಷ್ಟರಲ್ಲಿ ರೊಪ್ಪದಲ್ಲಿ ಸತ್ತುಬಿದ್ದಿರುತ್ತವೆ. ಪ್ರತಿ ದನದ ಕಿವಿಯಲ್ಲಿರುವ ಹನ್ನೆರಡು ಅಂಕಿಯ ಸಂಖ್ಯೆಯನ್ನು ನೋಡಿ ಲೆಕ್ಕ ಬರೆಯಬೇಕು. ಸಂಜೆ ಆಸ್ಪತ್ರೆಗೆ ಮರಳಿ ಆ ಲೆಕ್ಕವನ್ನೆಲ್ಲ ಗಣಕಯಂತ್ರಕ್ಕೆ ಏರಿಸಬೇಕು. ವೈದ್ಯಕೀಯ ಕಾಲೇಜಿನಲ್ಲಿ ಯಾರೂ ಕಲಿಸದ ವಿದ್ಯೆಯೆಂದರೆ ಈ ಲೆಕ್ಕ!

ಹೋಬಳಿಯ ಊರಾದರೂ ಅಲ್ಲಿಯೂ ಈಗ ಪೇಟೆಯ ರೋಗಗಳು ಬಂದಿವೆ. ಸಂತೆಯ ಬೀದಿಯಲ್ಲಿ ಅಲೆಯುವ ಹಸು ಹೊಟ್ಟೆ ಉಬ್ಬರಿಸಿಕೊಂಡು ನಿಂತಿದ್ದರೆ, ಒಳಗೆ ಹುಲ್ಲಿಲ್ಲ, ಪ್ಲಾಸ್ಟಿಕ್ ಚೀಲಗಳಿವೆ. ಅನ್ನದ ಆಸೆಗೆ ಚೀಲವನ್ನೂ ನುಂಗುವ ಹಸುವಿಗೆ ಅದನ್ನು ಅರಗಿಸುವ ಬಗೆಯಿಲ್ಲ. ಪಕ್ಕೆ ಸೀಳಿ ಕೈಯಿಂದಲೇ ಹೊರತೆಗೆಯಬೇಕು. ಕೆಲವೊಮ್ಮೆ ಅದರೊಡನೆ ತಂತಿ, ಮೊಳೆಗಳೂ ಇರುತ್ತವೆ. ಹಸುವಿನ ಎರಡನೆಯ ಹೊಟ್ಟೆಗೂ ಗುಂಡಿಗೆಗೂ ನಡುವೆ ಇರುವುದು ತೆಳುವಾದ ಒಂದು ಪರದೆ. ಮೊಳೆ ಅದನ್ನು ತೂರಿ ಗುಂಡಿಗೆಗೆ ನಾಟಿದರೆ ವೈದ್ಯರ ಕೈಯಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಉಳಿದ ಅನ್ನವನ್ನು ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯುವ ಗೃಹಿಣಿಯರು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.

ಔಷಧಿಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಒಂದು ಕಾಲಕ್ಕೆ ದನಗಳಿಗೆ ಧಾರಾಳವಾಗಿ ಬಳಕೆಯಲ್ಲಿತ್ತು. ಅದನ್ನು ಪಡೆದ ದನ ಸತ್ತು, ಆ ಹೆಣವನ್ನು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತಿತ್ತು. 1990ರ ದಶಕದಲ್ಲಿ ಭಾರತದ ಆಕಾಶದಿಂದ ರಣಹದ್ದುಗಳು ಮಾಯವಾದ ಕಾರಣ ಇದೆಂದು ತಿಳಿದದ್ದು 2004ರ ಹೊತ್ತಿಗೆ. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಅಳಿದುಳಿದ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಕ್ಷಿತಧಾಮವಾಗಿ ಘೋಷಿಸಲಾಯಿತು. ಕೊಟ್ಟಿಗೆಯಲ್ಲಿ ಒಂದು ಎತ್ತಿಗೆ ಚುಚ್ಚಿದ ಸೂಜಿ ಬೆಟ್ಟದ ಮೇಲಿನ ಗೂಡನ್ನು ಬರಿದು ಮಾಡಿತೆಂದರೆ ವೈದ್ಯರ ಹೊಣೆ ಎಷ್ಟು ದೂರ ಹಬ್ಬಿದೆ ನೋಡಿ.

ಇಷ್ಟೆಲ್ಲ ಮುಗಿದು ರಾತ್ರಿ ಹತ್ತು ಗಂಟೆಗೆ ತಟ್ಟೆಯ ಮುಂದೆ ಕುಳಿತರೆ ದೂರವಾಣಿ ಬಾರಿಸುತ್ತದೆ. ಅಪ್ಪನೋ ಅಮ್ಮನೋ ಊರಿನಿಂದ ಕರೆದಿರಬಹುದೆಂದು ಎತ್ತಿಕೊಂಡರೆ, ಆ ಕಡೆ ನಡುಗುವ ಮುದಿಧ್ವನಿ: “ಚೊಚ್ಚಲು ಕಡಸು ಕಣವ್ವ. ಮಧ್ಯಾಹ್ನವೇ ನೀರುಚೀಲ ಒಡೀತು. ಕಾಲು ಕಾಣ್ತದೆ, ಕರು ಬರ್ತಾ ಇಲ್ಲ.”

ಗಂಡನಿಲ್ಲದ ಮುದುಕಿ; ಸಂಘದ ಸಾಲದಿಂದ ಕೊಂಡ ಮಿಶ್ರತಳಿಯ ಒಂದೇ ಕಡಸು. ವೈದ್ಯೆ ಹೋಗುವಷ್ಟರಲ್ಲಿ ಊರಿನ ನಾಲ್ವರು ಗಟ್ಟಿಗರು ಕರುವಿನ ಮುಂಗಾಲಿಗೆ ಹಗ್ಗ ಕಟ್ಟಿ ಎಳೆದು ಬೆವರಿದ್ದರು. ಕಡಸು ಎಳೆದ ನೋವಿಗೆ ಕುಸಿದು ಮಲಗಿತ್ತು. ಆಕೆ ಮೊದಲು ಮಾಡಿದ ಕೆಲಸವೆಂದರೆ ಹಗ್ಗ ಬಿಡಿಸಿದ್ದು. ಭುಜದವರೆಗೆ ಸೋಪಿನಿಂದ ತೊಳೆದು, ಬಾಲದ ಬುಡದಲ್ಲಿ ಅರಿವಳಿಕೆಯ ಸೂಜಿ ಹಾಕಿ, ಕೊಟ್ಟಿಗೆಯ ನೆಲದ ಮೇಲೆ ಮಲಗಿ ಕೈ ಒಳಗೆ ನಡೆಸಿದಳು. ಎರಡು ಮುಂಗಾಲುಗಳಿದ್ದವು. ತಲೆ ಇರಬೇಕಾದ ಜಾಗದಲ್ಲಿ ತಲೆಯಿರಲಿಲ್ಲ. ಕರು ಕುತ್ತಿಗೆಯನ್ನು ಎಡಪಕ್ಕೆಗೆ ಹಿಂದಿರುಗಿಸಿ ಮಲಗಿತ್ತು. ಹಾಗಿರುವಾಗ ಆನೆ ಕಟ್ಟಿ ಎಳೆದರೂ ಕರು ಬಾರದು, ತಾಯಿ ಹರಿದುಹೋದೀತು.

“ಕರು ಐತಾ, ಹೋಗೈತಾ?” ಎಂದಳು ಮುದುಕಿ. ವೈದ್ಯೆಯ ಬೆರಳು ಕರುವಿನ ಬಾಯನ್ನು ಮುಟ್ಟಿತು. ನಾಲಗೆ ಮೆಲ್ಲನೆ ಮಿಡುಕಿತು. “ಇದೆ ಅಜ್ಜಿ” ಎಂದಳು.

ಇನ್ನು ಮಾಡಬೇಕಾದುದು ಪುಸ್ತಕದಲ್ಲಿ ನಾಲ್ಕು ಸಾಲು. ಕರುವನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಳ್ಳಬೇಕು. ದವಡೆಯನ್ನು ಹಿಡಿದು ತಲೆಯನ್ನು ಮುಂದಕ್ಕೆ ತಿರುಗಿಸಬೇಕು. ಆದರೆ ತಾಯಿಯ ಪ್ರತಿ ನೋವಿಗೂ ತೋಳು ಗಾಣಕ್ಕೆ ಸಿಕ್ಕಂತೆ ನುಗ್ಗಾಗುತ್ತದೆ. ಬೆರಳು ಮರಗಟ್ಟಿ ಹಿಡಿದದ್ದು ಜಾರಿಹೋಗುತ್ತದೆ. ಎರಡು ಬಾರಿ ದವಡೆ ಕೈಗೆ ಸಿಕ್ಕಿ ತಪ್ಪಿತು. ಆಗದಿದ್ದರೆ ಪಕ್ಕೆ ಸೀಳಿ ಕರುವನ್ನು ತೆಗೆಯಬೇಕು. ಟಾರ್ಚಿನ ಬೆಳಕಿನಲ್ಲಿ, ಸೆಗಣಿ ನೆಲದ ಮೇಲೆ, ಒಬ್ಬಳೇ. ಹಿರಿಯ ವೈದ್ಯರಿಗೆ ಫೋನು ಮಾಡಿದಳು. ಅವರು ನಲವತ್ತು ಮೈಲಿ ದೂರದಲ್ಲಿದ್ದರು. “ಆತುರ ಬೇಡ. ನೋವು ಬಂದಾಗ ಸುಮ್ಮನಿರು, ನಿಂತಾಗ ಕೆಲಸ ಮಾಡು. ಕಿವಿಯ ಹಿಂದಿನಿಂದ ಹಗ್ಗದ ಕುಣಿಕೆ ಹಾಕು” ಎಂದರು.

ಮೂರನೆಯ ಬಾರಿಗೆ ಕುಣಿಕೆ ಕೂತಿತು. ಒಂದು ಕೈಯಿಂದ ಕರುವಿನ ಎದೆಯನ್ನು ಒಳಕ್ಕೆ ಒತ್ತಿ, ಸಹಾಯಕನಿಗೆ ಹಗ್ಗವನ್ನು ಮೆಲ್ಲಗೆ ಎಳೆಯಹೇಳಿದಳು. ತಲೆ ಒಮ್ಮೆಲೇ ತಿರುಗಿ ಕಾಲುಗಳ ಮೇಲೆ ಬಂದು ಕುಳಿತಿತು. ಆ ಮೇಲೆ ಹತ್ತು ನಿಮಿಷವೂ ಹಿಡಿಯಲಿಲ್ಲ. ನೆಲಕ್ಕೆ ಜಾರಿದ ಕರು ಉಸಿರಾಡದೆ ಬಿದ್ದಿತ್ತು. ಮೂಗಿನ ಲೋಳೆ ಒರೆಸಿ, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ, ಗೋಣಿಯಿಂದ ಎದೆಯನ್ನು ಉಜ್ಜಿದಳು. ಕರು ಸೀನಿತು. ಗಂಡುಕರು. ಉಳುಮೆಗೆ ಟ್ರ್ಯಾಕ್ಟರು ಬಂದ ಈ ಕಾಲದಲ್ಲಿ ಮಿಶ್ರತಳಿಯ ಗಂಡುಕರುವನ್ನು ಯಾರೂ ಬಯಸುವುದಿಲ್ಲ. ನೆರೆದವರಲ್ಲಿ ಒಬ್ಬರು ಅದನ್ನು ಆಡಿಯೂ ಆಡಿದರು. ಮುದುಕಿ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆ ಕಡಸಿನ ಕೋಡು ಹಿಡಿದು ಕುಳಿತಿದ್ದಳು.

ಹೊರಡುವ ಮುಂಚೆ ವೈದ್ಯೆ ಹೇಳಿದ ಮಾತು ಒಂದೇ: “ಅಜ್ಜಿ, ಮೊದಲ ಗಿಣ್ಣದ ಹಾಲು ಕರುವಿಗೆ. ಹೊಟ್ಟೆ ತುಂಬ ಕುಡಿಸಿ. ಮಿಕ್ಕದ್ದು ಆಮೇಲೆ.” ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ದಾಟುವುದಿಲ್ಲ. ಅದು ಬರುವುದು ಗಿಣ್ಣದ ಹಾಲಿನಿಂದಲೇ. ಕರುವಿನ ಕರುಳು ಅದನ್ನು ಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ತಾಸು. ಸಿಹಿ ಗಿಣ್ಣಕ್ಕಾಗಿ ಕಾದಿರುವ ನಗರದ ಬಂಧುಗಳಿಗಿಂತ ಕರುವಿನ ಹಕ್ಕು ದೊಡ್ಡದು.

ಈ ದುಡಿಮೆಯಿಂದ ಏನಾದೀತೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ದೊಡ್ಡರೋಗವೆಂಬ ಹೆಸರಿನ ದನಗಳ ಮಾರಿಯೊಂದು ಶತಮಾನಗಳ ಕಾಲ ಊರೂರಿನ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿತ್ತು. ಅದನ್ನು ಎದುರಿಸಲೆಂದೇ ಫ್ರಾನ್ಸಿನ ಲಿಯೋನ್ ನಗರದಲ್ಲಿ 1762ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆಯಿತು. 2011ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು. ಸಿಡುಬಿನ ತರುವಾಯ ಮನುಷ್ಯನು ಬೇರುಸಹಿತ ಕಿತ್ತೆಸೆದ ಎರಡನೆಯ ರೋಗ ಅದು. ಆ ಗೆಲುವು ಯಾವ ಒಬ್ಬ ಮಹಾಪುರುಷನದೂ ಅಲ್ಲ. ಬಿಸಿಲಿನಲ್ಲಿ ಹಿಮದ ಪೆಟ್ಟಿಗೆ ಹೊತ್ತು ಹಟ್ಟಿಯಿಂದ ಹಟ್ಟಿಗೆ ನಡೆದ, ಹೆಸರು ಉಳಿಯದ ಸಾವಿರಾರು ವೈದ್ಯರದು, ಸಹಾಯಕರದು.

ಮೊದಲ ವರ್ಷ ಮುಗಿಯುವಷ್ಟರಲ್ಲಿ ಹೊಸ ವೈದ್ಯೆಯ ತೋಳಿನಲ್ಲಿ ಹಸುವಿನ ಒದೆತದ ಗುರುತುಗಳಿವೆ. ದಿನಚರಿಯಲ್ಲಿ ಉಳಿಸಲಾಗದೆ ಹೋದ ಪ್ರಾಣಿಗಳ ಲೆಕ್ಕವೂ ಇದೆ. ಬೇವಿನ ಮರದ ಕೆಳಗೆ “ಡಾಕ್ಟ್ರು ಎಲ್ಲಮ್ಮ?” ಎಂದು ಕೇಳುವವರು ಈಗ ಕಡಮೆ. ಬರುವವರು ಹಗ್ಗವನ್ನು ಕಂಬಕ್ಕೆ ಕಟ್ಟಿ, “ಮೂರು ದಿನದಿಂದ ಮೇವು ಮುಟ್ಟಿಲ್ಲ, ನೋಡವ್ವ” ಎಂದು ಹೇಳಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.